ಫೋನ್ ಎತ್ತದವರು

ರೀ,

ಈ ಕಾಗದ ನಿಮಗೆ ತಲುಪುವುದಿಲ್ಲ. ದೇವರೇ ಓದಿ ಹೇಳಿದರೆ ಉಂಟು. ಆದರೂ ಇವತ್ತಿನ ಸಭೆಯ ಸುದ್ದಿಯನ್ನು ಇನ್ಯಾರಿಗೆ ಹೇಳಲಿ?

ನಿಮ್ಮನ್ನು ಕಳಿಸಿದ ಹಾಗೆಯೇ, ಆಪರೇಷನ್ ಆದವರನ್ನೆಲ್ಲ ಮೂರನೇ ದಿನಕ್ಕೆ ಮನೆಗೆ ಕಳಿಸುವ ಯೋಜನೆಯನ್ನು ಎಲ್ಲ ಆಸ್ಪತ್ರೆಗಳಿಗೂ ತರಬೇಕೆಂದಿದ್ದಾರೆ. ಅದನ್ನು ಪರಿಶೀಲಿಸುವ ಸರ್ಕಾರಿ ಸಮಿತಿಯಲ್ಲಿ ರೋಗಿಗಳ ಮನೆಯವರ ಪರವಾಗಿ ನನ್ನನ್ನೂ ಕೂರಿಸಿದ್ದಾರೆ. ಹಲವು ಕಡೆಯ ಅಧ್ಯಯನಗಳನ್ನು ಒಟ್ಟಿಗಿಟ್ಟು ಓದಿದ, ಸಮಿತಿಯ ಡಾಕ್ಟರ್ ಮೇಡಂ, "ಮನೆಗೆ ಹೋದವರು ಚೆನ್ನಾಗೇ ಇದಾರೆ" ಎಂದರು.

"ಅದು ಹೆಂಗೆ ಗೊತ್ತಾಯ್ತಮ್ಮ?" ಎಂದೆ.

"ತಿಂಗಳಾದ ಮೇಲೆ ಫೋನ್ ಮಾಡಿ ಕೇಳಿದಾರೆ."

"ಎತ್ತದೇ ಇದ್ದವರು?"

"ಅವರನ್ನ ಲೆಕ್ಕಕ್ಕೆ ತಗೊಂಡಿಲ್ಲ. ಎಲ್ಲಾ ಅಧ್ಯಯನದಲ್ಲೂ ಹಾಗೇನೇ."

ಅಧ್ಯಕ್ಷರು ನಕ್ಕರು. "ಗುಣ ಆದವರು ಫೋನ್ ಹಿಡ್ಕೊಂಡು ಮನೇಲಿ ಕೂತಿರ್ತಾರೇನಮ್ಮ? ಕೆಲಸಕ್ಕೆ ಹೋಗಿರ್ತಾರೆ ಬಿಡಿ."

ಎಲ್ಲರೂ ನಕ್ಕರು. ನೀವು ತೀರಿಕೊಂಡ ವಾರ, ದೇವರ ಪಟದ ಪಕ್ಕದಲ್ಲಿ ನಿಮ್ಮ ಫೋನು ಆಸ್ಪತ್ರೆಯ ಕರೆಗೆ ಹೊಡೆದುಕೊಂಡೇ ಇತ್ತು. ನಾನು ನೋಡುತ್ತ ಕೂತಿದ್ದೆ. ಅದನ್ನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ಮುಂದಿನ ಹಾಳೆ ತಿರುವಿದರು. ಒಪ್ಪಿಗೆ ಇದ್ದವರು ಕೈ ಎತ್ತಿ ಎಂದಾಗ ನನ್ನ ಕೈ ಮಡಿಲಲ್ಲೇ ಇತ್ತು. ಅದನ್ನು ಯಾರೂ ಎಣಿಸಲಿಲ್ಲ.

ಮನೆಗೆ ಬಂದು ದೀಪ ಹಚ್ಚುವಾಗ ನನ್ನ ಫೋನು ಹೊಡೆದುಕೊಂಡಿತು. ತಕ್ಷಣ ಎತ್ತಿದೆ. ಆಸ್ಪತ್ರೆಯಿಂದ ನನ್ನ ತಮ್ಮ.

"ಅಕ್ಕಾ, ನಿನ್ನೆ ತಾನೇ ಆಪರೇಷನ್ ಆಗಿದ್ದು, ನಾಳೆನೇ ಮನೆಗೆ ಹೋಗು ಅಂತಿದಾರೆ! ಇಲ್ಲಿನ ಗಂಜಿ ತಪ್ತು."

"ಹೊಲಿಗೆ ಹಾಕಿದ ಜಾಗ ಬಿಸಿ ಇದೆಯೇನೋ?"

"ಒಂಚೂರು. ಅದೇನಿಲ್ಲ ಬಿಡು."

ನೀವೂ ಹಾಗೇ ಅಂದಿದ್ದಿರಿ.