ಸುಟ್ಟುಹೋದ ಮೂರು ಕಾಯಿಲ್‌ಗಳ ವಿಚಾರ

ಪರಮಪೂಜ್ಯ ದಿವಂಗತ ಅಪ್ಪನವರ ಸನ್ನಿಧಾನಕ್ಕೆ, ತಾವೇ ‘ಕಪಿ’ ಎಂದು ಬಿರುದಿತ್ತ ಮಗನ ವರದಿ.

ಇವತ್ತು ನಿಮ್ಮ ಮುದಿ ಪೆಟ್ರೋಲ್ ಟ್ರ್ಯಾಕ್ಟರ್ ಸಂಜೆವರೆಗೂ ನಿಲ್ಲದೆ ಓಡಿತು. ಎಂಜಿನ್‌ಗೆ ಕಿಡಿ ಕೊಡುವ ಕಾಯಿಲ್ ಕಾದು ಸುಡದಂತೆ ಕರೆಂಟು ತಗ್ಗಿಸುವ ಪಿಂಗಾಣಿ ರೆಸಿಸ್ಟರನ್ನು ಮತ್ತೆ ಜೋಡಿಸಿದೆ, ಅಷ್ಟೇ. ಅಂದು ಅದನ್ನು ತಪ್ಪಿಸಿ ನೇರವಾಗಿ ವೈರ್ ಎಳೆದಿದ್ದವನು ನಾನೇ. ಕಿಡಿ ಜೋರಾಗಿ ಗಾಡಿ ಒಮ್ಮೆಲೇ ಗುಡುಗಲಿ, ನೀವು ಬೆಚ್ಚಿಬೀಳಲಿ ಅಂತ.

ಮೂರು ಕಾಯಿಲ್ ಸುಟ್ಟವು. ಅವನ್ನು ಮಾರಿದ ಅಂಗಡಿ ಮಾವನಿಗೆ ನೀವು, “ಗೆಳೆಯನಿಗೇ ಟೋಪಿ ಹಾಕ್ತೀಯೇನೋ?” ಎಂದು ಕೂಗಾಡಿ, ಕೊನೆಯವರೆಗೂ ಮಾತು ಬಿಟ್ಟಿರಿ. ನಾನು ಪಕ್ಕದಲ್ಲೇ ಗಂಭೀರವಾಗಿ ತಲೆಯಾಡಿಸಿದ್ದೆ.

ಈಗಷ್ಟೇ ಅವರಿಗೆ ಎಲ್ಲ ಹೇಳಿ ಬಂದೆ.

“ಗೊತ್ತಿತ್ತು ಕಣೋ ಕಪಿ,” ಅಂದರು. “ನೀನೇ ನಿಮ್ಮಪ್ಪಂಗೆ ಹೇಳ್ತೀಯ ಅಂತ ಕಾಯ್ತಾ ಇದ್ದೆ.”

ಬೇರೇನೂ ವಿಶೇಷವಿಲ್ಲ. ಸುಸ್ತಾಗಿದೆ. ಟ್ರ್ಯಾಕ್ಟರ್ ಚೆನ್ನಾಗಿದೆ, ಅಪ್ಪಾ.