ಡೋಲೋನ್ ಘಾಟಿಯ ನಾಲ್ಕನೇ ತಿರುವು

ಕಾಶ್ಕಾ-ಸುಯ್
ಜನವರಿ ೧೯

ನನ್ನ ಮುದ್ದಿನ ಮಗಳು ಕುಂದುಜ್‌ಗೆ,

ಹೇಗಿದ್ದೀಯಮ್ಮಾ? ಕೆಮ್ಮು ನಿಂತಿತೇ? ಬೇಕರಿಯ ಒಲೆಯ ಮುಂದಿನಿಂದೆದ್ದು ಕಜಾನಿನ ಆ ಚಳಿಗೆ ಬರುವಾಗ ಎದೆಗೆ ಶಾಲು ಸುತ್ತಿಕೊಳ್ಳುತ್ತೀಯ ತಾನೆ? ನಿನ್ನ ಪುಟ್ಟ ಮಗಳು ಐಪೆರಿ ಚೆನ್ನಾಗಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದಿವೆ. ಅಜ್ಜಿ ಎಲ್ಲಿ ಎಂದು ಕೇಳುವುದನ್ನು ಮೂರು ದಿನದಿಂದ ಬಿಟ್ಟಿದ್ದಾಳೆ. ಕೇಳುತ್ತಿದ್ದಾಗಲೇ ವಾಸಿಯಿತ್ತು.

ಅಮ್ಮ ಹೋದಳು ಎಂದಷ್ಟೇ ನಿನ್ನ ಚಿಕ್ಕಪ್ಪ ಫೋನಿನಲ್ಲಿ ಹೇಳಿದ. ಹೇಗೆ ಎಂದು ನೀನು ಅಳುತ್ತ ಕೇಳಿದಾಗ ಪಕ್ಕದಲ್ಲೇ ನಿಂತಿದ್ದ ನಾನು ಹಸುವಿಗೆ ಹುಲ್ಲು ಹಾಕುವ ನೆವ ಮಾಡಿ ಹೊರಗೆ ಹೋದೆ. ಈಗ ಬರೆಯುತ್ತೇನೆ. ನಿನ್ನಮ್ಮ ಬುರುಲ್ ನೋವು ಮುಚ್ಚಿಡುವವಳು, ನಿನಗೆ ಗೊತ್ತಲ್ಲ. ಆ ಬುಧವಾರ ಬೆಳಿಗ್ಗೆಯೂ ಹಸು ಕರೆದು ಮುಗಿಸಿದ ಮೇಲೇ ಹೊಟ್ಟೆ ಹಿಡಿದು ಕುಸಿದಳು. ನಮ್ಮೂರ ನರ್ಸ್ ಮುಟ್ಟಿ ನೋಡಿ, ಅಪೆಂಡಿಕ್ಸ್ ಒಡೆಯುವ ಹಾಗಿದೆ, ಈಗಲೇ ನಾರಿನ್ ಆಸ್ಪತ್ರೆಗೆ ಒಯ್ಯಿರಿ ಎಂದಳು. ಹಿಂದಿನ ದಿನ ಕರಗಿದ ಹಿಮ ದಾರಿಯ ತುಂಬ ಹೆಪ್ಪುಗಟ್ಟಿತ್ತು. ಘಾಟಿಯ ಬುಡದಲ್ಲಿ ಗೇಟು ಕಾಯುವ ಎರ್ಮೆಕ್ ಅಡ್ಡ ಬಂದ. "ಸಾಗಿನ್ ಅಣ್ಣಾ, ಮೇಲೆ ಗಾಜು ಹಾಸಿದಂಗಿದೆ. ಮರಳು ಚೆಲ್ಲೋ ಲಾರಿ ಬರುತ್ತೆ, ತಡಿ, ಅದರ ಹಿಂದೆ ಹೋಗು" ಎಂದ. ಹಿಂದಿನ ಸೀಟಿನಲ್ಲಿ ನಿನ್ನಮ್ಮ ನರಳುತ್ತಿದ್ದಳು. "ನನಗೇ ದಾರಿ ಹೇಳ್ಕೊಡ್ತೀಯೇನೋ?" ಎಂದು ರೇಗಿ, ಜಾರದಂತೆ ಚಕ್ರಗಳಿಗೆ ಸರಪಳಿ ಬಿಗಿದು ಹೊರಟುಬಿಟ್ಟೆ. ಮೂವತ್ತೊಂದು ಚಳಿಗಾಲ ಇದೇ ದಾರಿಯಲ್ಲಿ ಓಡಿಸಿದ ಸೊಕ್ಕು.

ನೆತ್ತಿ ದಾಟಿದೆವು. ಇಳಿಯುವಾಗ ನಾಲ್ಕನೇ ತಿರುವಿನಲ್ಲಿ ಅವಳು ಚೀರಿದಳು. ನಾನು ಹಿಂತಿರುಗಿ ನೋಡಿದೆ. ಕಾಲು ತಾನಾಗಿ ಬ್ರೇಕ್ ಒತ್ತಿತು. ಮಂಜುಗಡ್ಡೆಯ ಮೇಲೆ ಬ್ರೇಕ್ ಮುಟ್ಟಬೇಡಿ ಎಂದು ಊರಿನ ಅರ್ಧ ಡ್ರೈವರುಗಳಿಗೆ ಬೈದು ಕಲಿಸಿದವನು ನಾನು. ಗಾಡಿ ಬುಗುರಿಯಂತೆ ಸುತ್ತಿ, ಬೆಟ್ಟದ ಬದಿಯ ಚರಂಡಿಗೆ ಬಿತ್ತು. ಪ್ರಪಾತದ ಕಡೆ ಹೋಗಲಿಲ್ಲವಲ್ಲ, ಪುಣ್ಯ ಎನ್ನುತ್ತಾರೆ ಎಲ್ಲರೂ. ಯಾರ ಪುಣ್ಯವೋ. ಸಲಿಕೆಯಿಂದ ಅಗೆದೆ, ಕೋಟನ್ನೇ ಚಕ್ರದಡಿ ತುರುಕಿದೆ, ಅಲುಗಲಿಲ್ಲ. ಅಲ್ಲಿ ಫೋನೂ ಸಿಗುವುದಿಲ್ಲ. ಕೊನೆಗೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. "ಬ್ರೇಕ್ ಒತ್ತಿದ್ಯಲ್ಲ ಮುದುಕಾ," ಎಂದಳು. "ಯಾರಿಗೂ ಹೇಳ್ಬೇಡ, ನಗ್ತಾರೆ." ಸ್ವಲ್ಪ ಹೊತ್ತಿಗೆ ನೋವು ಪೂರ್ತಿ ನಿಂತಿತು ಎಂದಳು. ನಾನು ಪೆದ್ದ, ದೇವರಿಗೆ ಕೈಯೆತ್ತಿದೆ. ಒಳಗೆ ಒಡೆದದ್ದು ಆವಾಗಲೇ ಎಂದು ಡಾಕ್ಟರ್ ಆಮೇಲೆ ಹೇಳಿದರು. ತಿರುವು ತಿರುವಿಗೂ ಮರಳು ಚೆಲ್ಲುತ್ತ ಲಾರಿ ನಮ್ಮನ್ನು ಮುಟ್ಟುವ ಹೊತ್ತಿಗೆ ಸಂಜೆ. ನಾರಿನ್‌ಗೆ ಮುಟ್ಟಿಸಿದ ಮೇಲೆ ಆಪರೇಷನ್ ಮಾಡಿದರು. ಮೂರನೆಯ ದಿನ ಹೋದಳು. "ಮಧ್ಯಾಹ್ನವೇ ತಂದಿದ್ದರೆ..." ಎಂದು ಶುರುಮಾಡಿದ ಡಾಕ್ಟರ್ ನನ್ನ ಮುಖ ನೋಡಿ ಕೈಯಲ್ಲಿದ್ದ ಕಾಗದ ತಿರುವತೊಡಗಿದರು.

ಗುರುವಾರ ಅವಳ ಹೆಸರಿನಲ್ಲಿ ಹಿಟ್ಟು ಕಲೆಸಿ ಬೋರ್ಸೋಕ್ ಕರಿದೆ. ಅರ್ಧ ಸೀದುಹೋದವು. ದೇವರು ನಿನ್ನನ್ನು ತಣ್ಣಗಿಡಲಿ, ಮಗಳೇ.

ನಿನ್ನ ಅಪ್ಪ,
ಸಾಗಿನ್

ಮರೆತಿದ್ದೆ: ಅಮ್ಮನ ನಲವತ್ತನೆಯ ದಿನದ ಕಾರ್ಯಕ್ಕೆ ಬಂದಾಗ ಐಪೆರಿಯನ್ನು ನಿನ್ನ ಜೊತೆ ಕರೆದುಕೊಂಡು ಹೋಗು, ಬಟ್ಟೆ ಕಟ್ಟಿಟ್ಟಿದ್ದೇನೆ. ಮೊನ್ನೆ ಅವಳಿಗೆ ಜ್ವರ ಏರಿತ್ತು. ಗಾಡಿಯಲ್ಲಿ ಕೂರಿಸಿದೆ, ಕೀಲಿ ತಿರುಗಿಸಲು ಕೈ ಏಳಲಿಲ್ಲ. ಪಕ್ಕದ ಮನೆಯ ತುರಾರ್ ಬಂದು ಆಸ್ಪತ್ರೆಗೆ ಕರೆದೊಯ್ದ. ಈಗ ಗುಣವಾಗಿದೆ. ಆದರೆ ಅವನು ಮನೆಯಲ್ಲಿ ಇರದೆ ಹೋಗಿದ್ದರೆ ನಾನು ಅಲ್ಲೇ ಕುಳಿತಿರುತ್ತಿದ್ದೆ, ಕುಂದುಜ್.