ನಾಳಿನ ತಾರೀಖಿನ ಮೂರನೇ ಪುಟ

ಮೊದಲ ಪುಟದ ನಂತರ ನೂರ ಎಂಬತ್ತಾರನೆಯ ವರ್ಷ,
ಹದಿಮೂರನೆಯ ತಿಂಗಳು, ಮೂವತ್ತೆರಡನೆಯ ತಾರೀಖು, ಮಧ್ಯಾಹ್ನ ಮೂರೂವರೆ.
ಮೇಲಿನ ಓಣಿ, ಕಟಗಿಹಾಳ.

ದಾನಮ್ಮಜ್ಜಿಗೆ, ನಿಮ್ಮ ಏಳನೆಯ ತಲೆಮಾರಿನ ಮೊಮ್ಮಗಳು ನೀಲವ್ವ ಮಾಡುವ ಶರಣು.

ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡಿ. ನಿಮಗಿನ್ನೂ ಇಪ್ಪತ್ತಾರು, ಮದುವೆಯೂ ಆಗಿಲ್ಲ, 'ಕಹಳೆ' ಪತ್ರಿಕೆಯಲ್ಲಿ ಪುಟ ಕಟ್ಟುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ ಎಂದು ಬಲ್ಲೆ. ತಾರೀಖು ನೋಡಿ ಯಾರೋ ಕಿಡಿಗೇಡಿಗಳ ಕೆಲಸವೆಂದು ಹರಿದು ಹಾಕಲೂ ಬೇಡಿ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಕಾಲದ ಪತ್ರಿಕೆಗಳಿಂದ. ಅವುಗಳಲ್ಲಿ ಬೈಗುಳವೇ ಜಾಸ್ತಿ. ಈ ಪತ್ರ ನಿಮ್ಮನ್ನು ಹೇಗೆ ತಲುಪಿತೆಂದು ಕೇಳಿದರೆ ನನಗೂ ಸರಿಯಾಗಿ ಗೊತ್ತಿಲ್ಲ. ನಾನು ಪತ್ರಿಕೆಯ ಕಟ್ಟು ಕಟ್ಟುವವಳು. ನಮ್ಮ ಕಟ್ಟುಗಳು ನಾಳೆಗೆ ಹೋಗುತ್ತವೆ. ವರ್ಷಕ್ಕೊಮ್ಮೆ ಒಂದು ಕಟ್ಟು ಹಿಂದಕ್ಕೂ ಹೋಗುತ್ತದೆಂದು ನಮ್ಮ ಹಿರಿಯರು ಹೇಳುತ್ತಾರೆ. ಅದರಲ್ಲಿ ಇದನ್ನು ತುರುಕಿದ್ದೇನೆ.

ಇದು ನಿಮ್ಮ ಕೈ ಸೇರುವುದು ಮತದಾನದ ಹಿಂದಿನ ದಿನ. ಇಡೀ ದೇಶ ಒಂದೇ ದಿನ ಮತ ಹಾಕಲಿರುವ ಮೊದಲ ಚುನಾವಣೆ ಅದು. ನಿಮ್ಮ ಊರಿನ ಸ್ಥಿತಿ ನಿಮಗೆ ನಾನು ಹೇಳಬೇಕೆ? ಮೇಲಿನ ಓಣಿಯವರು 'ಕಹಳೆ' ಓದುತ್ತೀರಿ, ಕೆಳಗಿನ ಓಣಿಯವರು 'ಗಂಟೆ' ಓದುತ್ತಾರೆ. ಅವರು ಗೆದ್ದರೆ ನಿಮ್ಮ ಬಾವಿಗೆ ಬೇಲಿ ಎಂದು ನಿಮ್ಮದು ಬರೆಯಿತು. ನೀವು ಗೆದ್ದರೆ ತಮ್ಮ ಹೆಸರೇ ಊರಿನ ಪಟ್ಟಿಯಿಂದ ಹೋಗುತ್ತದೆಂದು ಅವರದು ಬರೆಯಿತು. ತಿಂಗಳಿಂದ ಗಿರಣಿಯಲ್ಲಿ ಹಿಟ್ಟಿಗಿಂತ ಖಾರದ ಪುಡಿಗೇ ಸಾಲು ಹೆಚ್ಚು. ಪ್ರತಿ ಮನೆಯ ಬಾಗಿಲ ಹಿಂದೆ ಒಂದು ಬಟ್ಟಲು ಖಾರದ ಪುಡಿ, ಬಂದವರ ಕಣ್ಣಿಗೆ ಎರಚಲು. ಯಾರೂ ಬಂದಿಲ್ಲ. ಆದರೂ ಬಟ್ಟಲು ಅಲ್ಲಿಯೇ ಇದೆ.

ಅದು ಇಂದಿಗೂ ಅಲ್ಲಿಯೇ ಇದೆ ಅಜ್ಜಿ. ಸಂಜೆ ಆರಕ್ಕೆ ನಮ್ಮಲ್ಲಿ 'ಅಂಜುಹೊತ್ತು'. ಆಗ ಎಲ್ಲರೂ ಬಾಗಿಲು ಹಾಕಿ, ಹಿತ್ತಾಳೆ ಬಟ್ಟಲಲ್ಲಿ ಖಾರದ ಪುಡಿಯಿಟ್ಟು ಅರ್ಧ ಗಂಟೆ ಸುಮ್ಮನೆ ಕೂರುತ್ತೇವೆ. ಯಾಕೆಂದು ಯಾರಿಗೂ ನೆನಪಿಲ್ಲ. ಮಕ್ಕಳು ಅದನ್ನು ಹಬ್ಬವೆಂದುಕೊಂಡು ಬಟ್ಟಲಿಗೆ ಹೂ ಏರಿಸುತ್ತಾರೆ. ಎರಡು ಓಣಿಗಳ ನಡುವೆ ಸುಣ್ಣದ ಗೆರೆಯಿದೆ, ಅದರಾಚೆ ನಾನು ಈ ನಲವತ್ತು ವರ್ಷದಲ್ಲಿ ಕಾಲಿಟ್ಟಿಲ್ಲ. ಗಾಳಿ ಬೀಸಿದಾಗ ಅವರ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ, ನಮ್ಮದರಂತೆಯೇ. ಬೆಳಿಗ್ಗೆ ಗೋಡೆಯ ಸಂದಿನಿಂದ ಮನೆಮನೆಗೂ ಮರುದಿನದ ತಾರೀಖು ಹೊತ್ತ ಪತ್ರಿಕೆ ಬೀಳುತ್ತದೆ. ನಮ್ಮ ಪತ್ರಿಕೆಗಳು ಆಗಿದ್ದನ್ನು ಬರೆಯುವುದಿಲ್ಲ. ಆಗಬೇಕಾದ್ದನ್ನು ಆಗಿಹೋದಂತೆ ಬರೆಯುತ್ತವೆ. ಆಮೇಲೆ ನಾವು ಅದನ್ನು ಆಗಿಸುತ್ತೇವೆ. ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಅಡಿವೆಪ್ಪ ಕಾಕಾ ತೀರಿಕೊಂಡರೆಂದು ಬಂತು. ಗಟ್ಟಿಮುಟ್ಟಾದ ಮನುಷ್ಯ. ಓದಿದರು, ಕನ್ನಡಕ ಮಡಚಿಟ್ಟರು, ಸ್ನಾನ ಮಾಡಿ ಒಗೆದ ಧೋತರ ಉಟ್ಟು ಪಡಸಾಲೆಯಲ್ಲಿ ಮಲಗಿದರು. ಸಂಜೆಗೆ ಮುಗಿದಿತ್ತು. "ಪೇಪರ್‌ನಾಗ ಫೋಟೋ ಚೊಲೋ ಬಂದೈತಿ" ಎಂದರು ನೋಡಲು ಬಂದವರು.

ಇದೆಲ್ಲ ಎಲ್ಲಿಂದ ಶುರುವಾಯಿತೆಂದು ಊರಿನಲ್ಲಿ ಬಲ್ಲವಳು ನಾನೊಬ್ಬಳೇ. ನೀವು ಮುದುಕಿಯಾದ ಮೇಲೆ ಅಳುತ್ತಾ ಮಗಳಿಗೆ ಹೇಳಿದಿರಿ. ಅವಳು ತನ್ನ ಮಗಳಿಗೆ ಹೇಳಿದಳು. ಹೀಗೆ ತಾಯಿಯಿಂದ ಮಗಳಿಗೆ ದಾಟಿ ನನ್ನ ಕಿವಿಗೆ ಬಿದ್ದಿದೆ.

ದೂರದ ಹಳ್ಳಿಗಳಿಗೆ ಹೋಗುವ ಡಾಕ್ ಎಡಿಷನ್ ಇದೆಯಲ್ಲ, ಮರುದಿನದ ತಾರೀಖು ಹೊತ್ತು ಸಂಜೆಯೇ ಅಚ್ಚಿಗೆ ಹೋಗುವುದು, ಇಂದು ಅದರ ಮೂರನೇ ಪುಟ ನಿಮ್ಮ ಮುಂದೆ ಬರುತ್ತದೆ. ಎಡಗಡೆ ಎರಡು ಕಾಲಂ ಖಾಲಿ ಇರುತ್ತದೆ. ಸಂಪಾದಕ ಮಲ್ಲೇಶಪ್ಪನವರು ಚಹಾ ಹೀರುತ್ತಾ ನಿಮ್ಮ ಹಿಂದೆ ಬಂದು ನಿಲ್ಲುತ್ತಾರೆ. "ದಾನಮ್ಮಾ, ಇವತ್ತ ಸಂಜಿಕ ಹುಣಸಿಮರದ ಹಂತ್ಯಾಕ ಗಲಾಟಿ ಆಗೂದು ಗ್ಯಾರಂಟಿ. ಹಳ್ಳಿಗೆ ಪೇಪರ್ ಮುಟ್ಟೂದು ನಾಳಿ ಮಧ್ಯಾಹ್ನ. ಆಗೇತಿ ಅಂತನ ಹಾಕಿಬಿಡು, ಸುದ್ದಿ ಹಳೀದಾಗೂದಿಲ್ಲ" ಎನ್ನುತ್ತಾರೆ. ನೀವು ಎಷ್ಟು ಮಂದಿ ಸತ್ತರೆಂದು ಹಾಕಲಿ ಎಂದು ಕೇಳುತ್ತೀರಿ. ಅವರು ಕಾಲಂ ಅಳತೆ ನೋಡಿ ನಾಲ್ಕು ಎನ್ನುತ್ತಾರೆ. ನೀವು ಕೂರಿಸುತ್ತೀರಿ. ಡಾಕ್ ಪುಟಕ್ಕೆ ಹೀಗೆ ಅಂದಾಜಿನ ಸುದ್ದಿ ಹಾಕುವುದು ಅಲ್ಲಿ ಮೊದಲಿನಿಂದಲೂ ನಡೆದುಬಂದ ರೂಢಿ, ಗಣ್ಯರು ಇನ್ನೂ ಮಾಡದ ಭಾಷಣವನ್ನು ಮಾಡಿದರೆಂದು ಹಾಕಿದ ಹಾಗೆ. ನಿಮಗೆ ತಪ್ಪೆನಿಸಲಿಲ್ಲ.

ಈ ಸಂಜೆ ಹುಣಸೆಮರದ ಹತ್ತಿರ ಏನೂ ಆಗುವುದಿಲ್ಲ. ಆದರೆ ಹಳ್ಳಿಗೆ ಹೋಗಬೇಕಾದ ಕಟ್ಟು ಅದಲುಬದಲಾಗಿ ಬೆಳಿಗ್ಗೆ ನಿಮ್ಮ ಮೇಲಿನ ಓಣಿಯಲ್ಲೇ ಹಂಚಿಕೆಯಾಗುತ್ತದೆ. ತಮ್ಮ ಮನೆಯಿಂದ ನೂರು ಹೆಜ್ಜೆಯಲ್ಲಿ ನಾಲ್ವರ ಕೊಲೆಯಾಗಿದೆಯೆಂದು ಜನ ಓದುತ್ತಾರೆ. ಒಬ್ಬರಾದರೂ ಹೋಗಿ ಮರದ ಬುಡ ನೋಡುವುದಿಲ್ಲ. ಬಾಗಿಲು ಹಾಕಿಕೊಳ್ಳುತ್ತಾರೆ. ಈ ಬಾಗಿಲುಗಳು ಮುಚ್ಚಿದ್ದನ್ನು ಕಂಡು ಕೆಳಗಿನ ಓಣಿಯವರೂ ಮುಚ್ಚುತ್ತಾರೆ. ಕನ್ನಡ ಶಾಲೆಯ ಮತಗಟ್ಟೆಯಲ್ಲಿ ಐದು ಜನ ಅಧಿಕಾರಿಗಳು ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಾರೆ, ಒಂದು ಎಮ್ಮೆ ಬಂದು ಹೋಗುತ್ತದೆ, ಮತ ಹಾಕಲು ಯಾರೂ ಬರುವುದಿಲ್ಲ. ಸಂಜೆ ಆರಕ್ಕೆ ಮೇಲಿನ ಓಣಿಯ ಗಂಡಸರು ಸತ್ತ ನಾಲ್ವರ ಸೇಡಿಗೆಂದು ಹೊರಡುತ್ತಾರೆ. ಹುಣಸೆಮರದ ಕೆಳಗೆ ನಾಲ್ಕು ಜನ ಸಾಯುತ್ತಾರೆ. ಐದಲ್ಲ, ಮೂರಲ್ಲ. ಹೆಸರು ಹೇಳುವುದಿಲ್ಲ, ಅದರಲ್ಲಿ ಒಂದನ್ನು ಕೇಳಿದರೆ ನೀವು ಕೆಲಸ ಬಿಟ್ಟು ಅವರ ಮನೆಗೆ ಓಡುತ್ತೀರಿ, ನನಗೀಗ ನೀವು ಆ ಪುಟದ ಮುಂದೆಯೇ ಬೇಕು.

ಪತ್ರಿಕೆ ಸುಳ್ಳು ಬರೆದಿತ್ತೆಂದು ಆಮೇಲೆ ಯಾರೂ ಹೇಳಲಿಲ್ಲ. ಒಂದು ದಿನ ಮೊದಲೇ ಬರೆದಿತ್ತೆಂದು ಹೊಗಳಿದರು. ಆ ಪುಟ ನಮ್ಮ ಶಾಲೆಯಲ್ಲಿ ಗಾಜಿನೊಳಗಿದೆ, ಮೂರನೆಯದಾದರೂ ಅದನ್ನೇ 'ಮೊದಲ ಪುಟ' ಎನ್ನುತ್ತೇವೆ, ನಮ್ಮ ವರ್ಷಗಳನ್ನು ಅದರಿಂದಲೇ ಎಣಿಸುತ್ತೇವೆ.

ಈಗ ನನ್ನ ಸಂಕಟ ಹೇಳುತ್ತೇನೆ. ನಿನ್ನೆ ಕಟ್ಟು ಕಟ್ಟುವಾಗ ನಾಳಿನ ತಾರೀಖಿನ ಪತ್ರಿಕೆ ಕಣ್ಣಿಗೆ ಬಿತ್ತು, ಇಂದು ಬೆಳಿಗ್ಗೆ ಮನೆಮನೆಗೂ ಬಿದ್ದದ್ದು ಅದೇ. ಮೂರನೇ ಪುಟ, ಎಡಗಡೆ. "ನಿನ್ನೆ ಸಂಜೆ ಆರಕ್ಕೆ ಸುಣ್ಣದ ಗೆರೆ ದಾಟಿದ ಒಂಬತ್ತು ವರ್ಷದ ಬಾಲಕಿ ಹೊನ್ನವ್ವ ಮರಳಿಲ್ಲ." ಅಜ್ಜಿ, ಹೊನ್ನಿ ನನ್ನ ಮಗಳು. ಒಬ್ಬಳೇ ಮಗಳು. ಪತ್ರಿಕೆಯ ನಿನ್ನೆ ಎಂದರೆ ಇಂದು.

ಒಳಗೆ ಕೂಡಿಹಾಕು ಎನ್ನುತ್ತೀರೇನೋ. ಹಿಂದಿನ ಸಾಲಿನ ಮನೆಯ ಶಿವಗಂಗವ್ವ, ಪತ್ರಿಕೆಯಲ್ಲಿ ಮಗನ ಹೆಸರು ಹೀಗೆಯೇ ಬಂದಾಗ, ಅವನನ್ನು ಹಾಗೆ ಕೂಡಿಹಾಕಿದ್ದಳು. ಆರು ಹೊಡೆದಾಗ ನೆರೆಯವರೇ ಅಂಜುಹೊತ್ತನ್ನೂ ಬಿಟ್ಟು ಬಂದು ಅಗಳಿ ಮುರಿದರು. ಬೈಯಲಿಲ್ಲ, ಹೊಡೆಯಲಿಲ್ಲ. "ತಂಗೀ, ಪೇಪರ್ ಸುಳ್ಳಾದ್ರ ನಾಳಿ ನಾವು ಏನ್ ನಂಬೂಣ?" ಎಂದು ಕೈಮುಗಿದು ಕೇಳಿಕೊಂಡರು. ಅವರೊಳಗೆ ನಾನೂ ಇದ್ದೆ. ಹೌದು, ಇದ್ದೆ.

ನಾನು ಬೇಡುವುದು ಇಷ್ಟೇ. ಆ ಎರಡು ಕಾಲಂ ಖಾಲಿ ಬಿಡಿ. ಮಲ್ಲೇಶಪ್ಪನವರು ರೇಗುತ್ತಾರೆ, ಕೆಲಸ ಬಿಡು ಎನ್ನುತ್ತಾರೆ. "ಆಗಲಾರದ್ದನ್ನ ಆಗೇತಿ ಅಂತ ಹಾಕೂದಿಲ್ರಿ" ಎನ್ನಿ. ಆ ಪುಟ ಬರದಿದ್ದರೆ ನಮ್ಮ ಈ ವರ್ಷವೇ ಇಲ್ಲ, ಈ ಪತ್ರವೂ ಇಲ್ಲ, ಬಹುಶಃ ನಾನೂ ಇಲ್ಲ. ಇಲ್ಲದೆ ಹೋಗಲಿ. ಬೇರೆ ಯಾವುದೋ ಕಟಗಿಹಾಳದಲ್ಲಿ ಬೇರೆ ಯಾರೋ ತಾಯಿಗೆ ಹೊನ್ನಿಯಂಥ ಒಬ್ಬ ಮಗಳಿದ್ದು, ಸಂಜೆ ಕೆಳಗಿನ ಓಣಿಯಲ್ಲಿ ಆಡಿ ಮನೆಗೆ ಬಂದರೆ ನನಗೆ ಸಾಕು.

ಪತ್ರಿಕೆಯನ್ನು ನಾನು ಚೀಲದಲ್ಲಿ ಬಚ್ಚಿಟ್ಟಿದ್ದೆ. ಹುಡುಗಿ ಅದನ್ನು ನೋಡಿಬಿಟ್ಟಿದ್ದಾಳೆ. ಅಳಲಿಲ್ಲ. ಮುಖ ತೊಳೆದು, ಒಗೆದ ಲಂಗ ಉಟ್ಟು, ತಾನೇ ಹೆರಳು ಹಾಕಿಕೊಂಡು ಹೊಸ್ತಿಲ ಮೇಲೆ ಕೂತಿದ್ದಾಳೆ. ಪತ್ರಿಕೆ ಮಡಚಿದ ಕಡೆ ಹೊತ್ತಿನ ಅಕ್ಷರ ಅಳಿಸಿಹೋಗಿದೆಯಂತೆ. "ಯವ್ವಾ, ಎಷ್ಟ್ ಗಂಟೇಕ್ಕ ಅಂತ ಹಾಕ್ಯಾರ?" ಎಂದು ಎರಡು ಸಲ ಕೇಳಿದಳು. ನಾನು ಹೇಳಿಲ್ಲ.

ನಿಮ್ಮ ಡಾಕ್ ಪುಟವೂ ಆರಕ್ಕೇ ಅಚ್ಚಿಗೆ ಹೋಗುತ್ತದೆ. ಈಗ ನಾಲ್ಕು ಹೊಡೆಯಿತು. ಬೇಗ, ಅಜ್ಜಿ.